ನಾಲ್ಕು ತುಂಡಿನ ರೊಟ್ಟಿಯಲ್ಲಿ ಏಳು ತುಂಡು ತೆಗೆಯುವುದು ಹೇಗೆ?

ಕುಂದಾದ್ರಿ_ಕೆಳಗಿನ_ಮನೆ (ಬೆಳಿಗ್ಗೆ 10.20)

ಮೂರು ದಿನದಿಂದ ಮಳೆ ರಜೆ. ಕರೆಂಟು ಬಂದು ಬಂದು ಹೋಗುತ್ತಿದೆ. ಟಿ.ವಿ. ಇಲ್ಲವಲ್ಲ ಎಂದು ಆರನೇ ತರಗತಿಯ ಮಗಳನ್ನು ಗಣಿತದ ಪುಸ್ತಕ ಹಿಡಿಸಿ ಜಗಲಿಯಲ್ಲಿ ಕೂರಿಸಿದೆ. ಕೂರಿಸಿದ ಮೇಲೆ ತಿಳಿಯಿತು, ಸಿಕ್ಕಿಬಿದ್ದವಳು ನಾನೇ ಎಂದು.

ಪಾಠ ವಿಷಮ ಭಿನ್ನರಾಶಿ, 7/4ರ ಹಾಗೆ ಮೇಲಿನ ಸಂಖ್ಯೆ ಕೆಳಗಿನದಕ್ಕಿಂತ ದೊಡ್ಡದಿರುವುದು. 7/4 ಅನ್ನು ಚಿತ್ರದಲ್ಲಿ ತೋರಿಸಬೇಕು. ಅವಳು ಒಂದು ವೃತ್ತ ಬರೆದು ನಾಲ್ಕು ಭಾಗ ಮಾಡಿದಳು. ನಾಲ್ಕಕ್ಕೂ ಬಣ್ಣ ತುಂಬಿ, ಪೆನ್ಸಿಲ್ ಕಚ್ಚಿಕೊಂಡು ಕೂತಳು. ‘ಅಮ್ಮ, ಇರುವುದೇ ನಾಲ್ಕು ತುಂಡು. ಅದರಲ್ಲಿ ಏಳು ತೆಗೆಯಬೇಕಂತೆ. ಇನ್ನು ಮೂರು ಯಾರ ಮನೆಯಿಂದ ತರಲಿ?’

ಇನ್ನೊಂದು ವೃತ್ತ ಬರೆಯಲು ಹೇಳಿದೆ. ಬರೆದಳು, ನಾಲ್ಕು ಭಾಗ ಮಾಡಿದಳು, ಮೂರಕ್ಕೆ ಬಣ್ಣ ತುಂಬಿದಳು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಎಲ್ಲ ತುಂಡುಗಳನ್ನೂ ಎಣಿಸಿ ಕೆಳಗೆ 7/8 ಎಂದು ಬರೆದಳು. ‘ಒಟ್ಟು ಎಂಟು, ಬಣ್ಣ ಇರುವುದು ಏಳು. ಈಗ ಸಮ ಭಿನ್ನರಾಶಿ ಆಯಿತು, ಇನ್ನು ತೊಂದರೆ ಇಲ್ಲ’ ಎಂದು ಪುಸ್ತಕ ಮುಚ್ಚಿದಳು. ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೂ ಅವಳದೇ ಸರಿ ಎನಿಸಿತು.

ಇದನ್ನು ಮಗುವಿಗೆ ಹೇಗೆ ಬಿಡಿಸಿ ಹೇಳುವುದು? ಗೊತ್ತಿರುವವರು ಹೇಳಿ.

ಅಡಿಕೆ_ಅಂಗಳ (10.31)

ಎರಡು ಅಕ್ಕಿ ರೊಟ್ಟಿ ತಟ್ಟಿ, ನಾಲ್ಕು ನಾಲ್ಕು ತುಂಡು ಮಾಡಿ, ಏಳು ತಿನ್ನಿಸಿ. ಉಳಿದ ಒಂದು ತುಂಡು ನಿಮಗೆ.

ಕುಂದಾದ್ರಿ_ಕೆಳಗಿನ_ಮನೆ (10.34)

ಅಣ್ಣ, ವೃತ್ತದಲ್ಲಿ ನಾನು ಮಾಡಿಸಿದ್ದೂ ಅದನ್ನೇ. ರೊಟ್ಟಿ ತಂದಿಟ್ಟರೂ ‘ಎಂಟರಲ್ಲಿ ಏಳು ತಿಂದೆ’ ಎಂದೇ ಹೇಳುತ್ತಾಳೆ.

ಗೋಪಾಳ_ಎಂಜಿನಿಯರ್ (10.42)

ಇಷ್ಟಕ್ಕೆಲ್ಲ ರೊಟ್ಟಿ ಏಕೆ? ಏಳನ್ನು ನಾಲ್ಕರಿಂದ ಭಾಗಿಸಿ. ಭಾಗಲಬ್ಧ 1, ಶೇಷ 3. ಭಾಗಲಬ್ಧ ಮುಂದೆ, ಶೇಷ ಮೇಲೆ, ಛೇದ ಇದ್ದಲ್ಲೇ ಇರುತ್ತದೆ: 1¾. ಹಿಂದಕ್ಕೆ ಬರಬೇಕಾದರೆ ಪೂರ್ಣಾಂಕವನ್ನು ಛೇದದಿಂದ ಗುಣಿಸಿ ಅಂಶ ಕೂಡಿಸಿ. ಹತ್ತು ಲೆಕ್ಕ ಮಾಡಿಸಿದರೆ ಕೈಗೆ ಕೂರುತ್ತದೆ. ಅರ್ಥ ಆಮೇಲೆ ತಾನಾಗಿ ಬರುತ್ತದೆ. ನಾವೆಲ್ಲ ಹಾಗೆಯೇ ಕಲಿತವರು, ಯಾರೂ ಕೆಟ್ಟುಹೋಗಿಲ್ಲ.

ಸೊರಬ_ಸೊಸೆ (10.44)

ಕೆಟ್ಟುಹೋಗಿಲ್ಲ ಎಂದು ನೀವೇ ಹೇಳಿಕೊಂಡರೆ ಹೇಗೆ ಸರ್? ಮನೆಯವರನ್ನು ಕೇಳಬೇಕು.

ಕುಂದಾದ್ರಿ_ಕೆಳಗಿನ_ಮನೆ (10.50)

ಸರ್, ಭಾಗಿಸುವುದು ಅವಳಿಗೆ ಬರುತ್ತದೆ. ಈಗಷ್ಟೇ 1¾ ಎಂದು ನೀಟಾಗಿ ಬರೆದು ತೋರಿಸಿದಳು. ಸರಿ, 7/4 ದೊಡ್ಡದೋ 2 ದೊಡ್ಡದೋ ಎಂದು ಕೇಳಿದೆ. ‘7/4’ ಎಂದಳು. ಏಕೆ ಎಂದರೆ, ಏಳೂ ಎರಡಕ್ಕಿಂತ ದೊಡ್ಡದು, ನಾಲ್ಕೂ ಎರಡಕ್ಕಿಂತ ದೊಡ್ಡದು ಅಂತೆ. ಅದೇ ಪುಟದಲ್ಲಿ ಎರಡು ಸಾಲು ಮೇಲೆ 1¾ ಎಂದು ಅವಳದೇ ಅಕ್ಷರದಲ್ಲಿದೆ!

ಸೀಮೆಸುಣ್ಣದ_ಮೇಷ್ಟ್ರು (11.15)

ನಿವೃತ್ತನಾಗಿ ಮನೆಯಲ್ಲಿ ಕೂತಿದ್ದೇನೆ, ಮಳೆ ಬೇರೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ತಪ್ಪು ಮಗುವಿನದಲ್ಲ. ಭಿನ್ನರಾಶಿಯನ್ನು ಮೊದಲ ಸಲ ಹೇಳಿಕೊಡುವಾಗ ನಾವು ಒಂದು ಮಾತು ಹೇಳುತ್ತೇವೆ: ‘ಒಂದು ಇಡೀ ವಸ್ತುವನ್ನು ನಾಲ್ಕು ಸಮಭಾಗ ಮಾಡಿ, ಅದರಲ್ಲಿ ಮೂರನ್ನು ತೆಗೆದುಕೊಂಡರೆ 3/4.’ ಮಗು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. 3/4 ಇರುವವರೆಗೆ ಆ ಮಾತು ಸಾಕು. 7/4 ಬಂದ ಕೂಡಲೇ ಅದು ಕುಸಿಯುತ್ತದೆ, ನಾಲ್ಕರಲ್ಲಿ ಏಳು ಯಾರಿಗೂ ಸಿಗುವುದಿಲ್ಲ. ನಿಮ್ಮ ಮಗಳು ನಾವು ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡಿದ್ದಾಳೆ, ಅದಕ್ಕೇ ಸಿಕ್ಕಿಹಾಕಿಕೊಂಡಿದ್ದಾಳೆ.

ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು ಇಷ್ಟು. ಕೆಳಗಿರುವ ಛೇದ ತುಂಡಿನ ಜಾತಿ, ಮೇಲಿರುವ ಅಂಶ ಬರಿಯ ಎಣಿಕೆ. 7/4 ಎಂದರೆ ಕಾಲು ಎನ್ನುವ ಜಾತಿಯ ತುಂಡುಗಳು, ಅವು ಏಳು. ಏಳು ಮಾವಿನಹಣ್ಣು, ಏಳು ಬಾಳೆಗೊನೆ, ಹಾಗೆಯೇ ಏಳು ಕಾಲು. ಎಲ್ಲಿಂದ ಬಂದವು, ಎಷ್ಟು ರೊಟ್ಟಿ ಮುರಿದೆವು ಎನ್ನುವುದು ಬೇರೆ ವಿಷಯ.

ಇನ್ನು 7/8. ಎರಡನೇ ವೃತ್ತ ಬರೆದ ಕೂಡಲೇ ಅವಳ ಮನಸ್ಸಿನಲ್ಲಿ ಎರಡೂ ವೃತ್ತ ಸೇರಿ ‘ಒಂದು’ ಆಗಿಬಿಟ್ಟಿವೆ. ಆ ಲೆಕ್ಕಕ್ಕೆ 7/8 ತಪ್ಪಲ್ಲ. ಎರಡು ರೊಟ್ಟಿಯ ಎಂಟನೇ ಏಳು ಭಾಗವೂ ಒಂದು ರೊಟ್ಟಿಯ ಏಳು ಕಾಲೂ ತೂಕ ಹಾಕಿದರೆ ಒಂದೇ. ಆದ್ದರಿಂದ ಗದರಬೇಡಿ. ‘ನೀನು ಯಾವುದನ್ನು ಒಂದು ಎಂದು ಇಟ್ಟುಕೊಂಡೆ?’ ಎಂದು ಕೇಳಿ. ರೊಟ್ಟಿ ಎಷ್ಟು ಬೇಕಾದರೂ ಬರಲಿ, ಕಾಲು ಎಂದರೆ ಒಂದು ರೊಟ್ಟಿಯ ಕಾಲೇ, ಅದು ಬೆಳೆಯುವುದೂ ಇಲ್ಲ ಕುಗ್ಗುವುದೂ ಇಲ್ಲ.

ಅಡಿಕೆ_ಅಂಗಳ (11.19)

ಮೇಷ್ಟ್ರೇ, ಭಿನ್ನರಾಶಿಯಲ್ಲೂ ಜಾತಿಯೇ?

ಸೀಮೆಸುಣ್ಣದ_ಮೇಷ್ಟ್ರು (11.22)

ನಾನು ತಂದದ್ದಲ್ಲ. ಛೇದ ಒಂದೇ ಇದ್ದರೆ ಸಜಾತಿ, ಬೇರೆ ಇದ್ದರೆ ವಿಜಾತಿ ಎಂದು ಪುಸ್ತಕವೇ ಹೇಳುತ್ತದೆ. ಇಲ್ಲಿ ಲ.ಸಾ.ಅ. (ಎಲ್ಲ ಛೇದಗಳಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಹಿಡಿದು ಯಾವುದನ್ನು ಬೇಕಾದರೂ ಸಜಾತಿ ಮಾಡಬಹುದು, ಅದೊಂದೇ ಸಮಾಧಾನ.

ಗೋಪಾಳ_ಎಂಜಿನಿಯರ್ (11.25)

ಒಂದು ತಕರಾರು. ಏಳು ಕಾಲು ಎಂದರೆ ಏಳೂಕಾಲು. ಅದು 29/4. ಮೇಷ್ಟ್ರ ಲೆಕ್ಕವೇ ತಪ್ಪಿತಲ್ಲ?

ಸೀಮೆಸುಣ್ಣದ_ಮೇಷ್ಟ್ರು (11.27)

ನಾನು ಬರೆದದ್ದು ‘ಏಳು ಕಾಲು’. ಕನ್ನಡಕ ಹಾಕಿಕೊಂಡು ಓದಿ.

ಗೋಪಾಳ_ಎಂಜಿನಿಯರ್ (11.28)

ಒಂದು ದೀರ್ಘಕ್ಕೆ ಐದೂವರೆ ವ್ಯತ್ಯಾಸ ಬರುತ್ತದೆಯೇ?

ತುಂಗೆಯ_ದಡ (11.40)

ಬರುತ್ತದೆ ಸರ್, ಸರಿಯಾಗಿ ಐದೂವರೆಯೇ ಬರುತ್ತದೆ. ಇದು ಇಷ್ಟು ದಿನ ನನ್ನ ಕಣ್ಣಿಗೂ ಬಿದ್ದಿರಲಿಲ್ಲ, ನಿಮ್ಮ ಜಗಳದಿಂದ ಹೊಳೆಯಿತು.

‘ರಾಮನೂ ಭೀಮನೂ ಬಂದರು’ ಎನ್ನುವಾಗ ಬರುವ ಊ ಇದೆಯಲ್ಲ, ‘ಏಳೂಕಾಲು’ ಎನ್ನುವಾಗ ಬರುವುದೂ ಅದೇ. ಏಳೂ, ಅದರ ಜೊತೆಗೆ ಒಂದು ಕಾಲೂ. ಒಂದೂಕಾಲು, ಎರಡೂವರೆ, ಮೂರೂಮುಕ್ಕಾಲು, ಎಲ್ಲದರಲ್ಲೂ ಆ ದೀರ್ಘವೇ ಕೂಡಿಸುವ ಚಿಹ್ನೆ. ದೀರ್ಘ ತೆಗೆದು ‘ಏಳು ಕಾಲು’ ಎಂದರೆ ಕೂಡಿಸುವುದು ಹೋಗಿ ಎಣಿಸುವುದು ಉಳಿಯುತ್ತದೆ: ಕಾಲುಗಳು, ಏಳು. ಅಂದರೆ ಏಳೂಕಾಲಿನಂಥ ಮಿಶ್ರ ಭಿನ್ನರಾಶಿಯೂ ಏಳು ಕಾಲಿನಂಥ ವಿಷಮ ಭಿನ್ನರಾಶಿಯೂ ಎರಡೂ ನಮ್ಮ ನಾಲಿಗೆಯ ಮೇಲೆಯೇ ಇವೆ, ನಡುವೆ ಇರುವುದು ಒಂದು ಉಕಾರದ ಅಂತರ. ಪುಸ್ತಕದಲ್ಲಿ 1¾ ಎಂದು ಬರೆಯುವಾಗ ಆ ಕೂಡಿಸುವ ಚಿಹ್ನೆಯನ್ನು ನುಂಗಿಬಿಟ್ಟಿದ್ದಾರೆ. ಬಾಯಲ್ಲಿ ನಾವು ನುಂಗಿಲ್ಲ.

‘ಏಳು ಬೈ ನಾಲ್ಕು’ ಎಂದು ಓದಿಸುತ್ತಾರೆ ಈಗ. ಹಾಗೆ ಓದಿದರೆ ಕಿವಿಗೆ ಬೀಳುವುದು ಎರಡು ಸಂಖ್ಯೆ, ನಡುವೆ ಒಂದು ಬೈ. ಮಗು ಏಳನ್ನೂ ನಾಲ್ಕನ್ನೂ ಬೇರೆ ಬೇರೆಯಾಗಿ ಎರಡರ ಪಕ್ಕ ಇಟ್ಟು ಹೋಲಿಸಿದ್ದರಲ್ಲಿ ಆಶ್ಚರ್ಯವೇನು?

ಸೊರಬ_ಸೊಸೆ (11.46)

ಏಳು ಎಂದರೆ ‘ಎದ್ದೇಳು’ ಕೂಡ. ಕಾಲು ಎಂದರೆ ಕಾಲು ಕೂಡ. ನಮ್ಮ ಮನೆಯ ಹುಡುಗನಿಗೆ ಏಳು ಕಾಲು ಎಂದರೆ ಎದ್ದು ಓಡಿಹೋಗುತ್ತಾನೆ.

ತಮಾಷೆ ಇರಲಿ. ನಮ್ಮ ಅತ್ತೆ ಇಂದಿಗೂ ಅಕ್ಕಿ ಅಳೆಯುವುದು ಪಾವಿನಲ್ಲಿ. ನಾಲ್ಕು ಪಾವು ಸೇರಿದರೆ ಒಂದು ಸೇರು. ಹಬ್ಬದ ಹಿಂದಿನ ದಿನ ಕಡುಬಿಗೆ ನೆನೆಹಾಕುವಾಗ ‘ಏಳು ಪಾವು ಹಾಕು’ ಎನ್ನುತ್ತಾರೆ. ಅದೇ ಅಕ್ಕಿಯನ್ನು ಪಕ್ಕದ ಮನೆಗೆ ಕಡ ಕೊಟ್ಟರೆ ‘ಒಂದೂಮುಕ್ಕಾಲು ಸೇರು ಕೊಟ್ಟಿದ್ದೇನೆ’ ಎಂದು ನೆನಪಿಟ್ಟುಕೊಳ್ಳುತ್ತಾರೆ. ಅಳೆಯುವಾಗ ಏಳು, ಹೇಳುವಾಗ ಒಂದೂಮುಕ್ಕಾಲು. ಅವರು ಶಾಲೆಗೆ ಹೋದವರಲ್ಲ. ಏಳು ಪಾವನ್ನು ವಿಷಮ ಎಂದು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ, ಬದುಕಿಕೊಂಡರು.

ಸಾಗರದ_ಉಳಿ (12.05)

ನಾನು ಬಡಗಿ. ಓದಿದ್ದು ಏಳನೆಯವರೆಗೆ. ಇಲ್ಲಿ ದೊಡ್ಡವರ ನಡುವೆ ಮಾತಾಡಬಹುದೋ ಇಲ್ಲವೋ ಗೊತ್ತಿಲ್ಲ, ಆದರೂ ಹೇಳುತ್ತೇನೆ.

ನಮ್ಮ ಕೆಲಸದಲ್ಲಿ ಒಂದು ಇಂಚಿಗೆ ಎಂಟು ನೂಲು. ಹಲಗೆಯ ದಪ್ಪ ಕೇಳಿದರೆ ‘ಹನ್ನೊಂದು ನೂಲು’ ಎನ್ನುತ್ತೇವೆ. ಪುಸ್ತಕದಲ್ಲಿ ಅದು 11/8 ಇಂಚು. ಅಂಗಡಿಯವರು ಬಿಲ್ಲಿನಲ್ಲಿ 1⅜ ಎಂದು ಬರೆಯುತ್ತಾರೆ. ನಮಗೆ ಹನ್ನೊಂದು ನೂಲೇ ಅನುಕೂಲ. ಏಕೆಂದರೆ ಹಲಗೆಯ ನಟ್ಟನಡುವೆ ಗೀಟು ಹಾಕಬೇಕಾದರೆ ಹನ್ನೊಂದರ ಅರ್ಧ ಐದೂವರೆ ನೂಲು, ಕಣ್ಣು ಮುಚ್ಚಿ ಹೇಳಬಹುದು. ಒಂದು ಇಂಚಿನ ಅರ್ಧ ಎಷ್ಟು, ಮೂರು ನೂಲಿನ ಅರ್ಧ ಎಷ್ಟು, ಎರಡನ್ನೂ ಕೂಡಿಸಿದರೆ ಎಷ್ಟು ಎಂದು ಕೂತರೆ ಗೀಟು ಎಲ್ಲಿಗೋ ಹೋಗುತ್ತದೆ. ಹಲಸಿನ ಮರ, ಒಂದು ಸಲ ಗರಗಸ ಇಟ್ಟ ಮೇಲೆ ಹಿಂದಕ್ಕೆ ಬರುವುದಿಲ್ಲ.

ನಮ್ಮ ಅಪ್ಪಯ್ಯ ನನ್ನ ಕೈಗೆ ಟೇಪು ಕೊಟ್ಟು ಮೊದಲು ಕಲಿಸಿದ್ದು ನೂಲು ಎಣಿಸುವುದನ್ನು. ಎಂಟಕ್ಕೆ ನಿಲ್ಲಿಸುತ್ತಿರಲಿಲ್ಲ. ಒಂಬತ್ತು, ಹತ್ತು, ಹನ್ನೊಂದು ಎಂದು ಇಪ್ಪತ್ತನಾಲ್ಕರವರೆಗೆ ಎಣಿಸಿ, ಮೂರು ಇಂಚಿನ ಗೆರೆ ಮುಟ್ಟಿದ ಮೇಲೆ ಊಟ.

ಸೀಮೆಸುಣ್ಣದ_ಮೇಷ್ಟ್ರು (12.09)

ನೀವು ಮಾತಾಡದಿದ್ದರೆ ಯಾರು ಮಾತಾಡಬೇಕು? ನನ್ನ ಇಡೀ ಪಾಠ ನಿಮ್ಮ ಟೇಪಿನಲ್ಲಿದೆ. ಕುಂದಾದ್ರಿಯ ಅಮ್ಮ, ಮನೆಯಲ್ಲಿ ದರ್ಜಿಯ ಟೇಪಾದರೂ ಇದ್ದರೆ ಇವತ್ತೇ ಮಾಡಿಸಿ.

ಲಾಸ್ಟ್_ಓವರ್ (12.20)

ವಿಷಮ ಎಂದದ್ದಕ್ಕೆ ನನ್ನ ಕಥೆ. ನಾನು ಎಂಟನೇ ತರಗತಿಯವರೆಗೆ ಸಮಸಂಖ್ಯೆ ಇದ್ದರೆ ಸಮ ಭಿನ್ನರಾಶಿ, ಇಲ್ಲದಿದ್ದರೆ ವಿಷಮ ಎಂದೇ ತಿಳಿದಿದ್ದೆ. 2/4 ಸಮ, 7/5 ವಿಷಮ. ಅರ್ಧಕ್ಕರ್ಧ ಉತ್ತರ ಸರಿಯಾಗುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಪರೀಕ್ಷೆಯಲ್ಲಿ 8/6 ಬಂದ ದಿನ ಸಿಕ್ಕಿಬಿದ್ದೆ. ಆಮೇಲೆ ಸಮಾನ ಭಿನ್ನರಾಶಿ (1/2, 2/4ರ ಹಾಗೆ ಬೆಲೆ ಒಂದೇ ಇರುವುದು) ಎಂದು ಇನ್ನೊಂದು ಬಂತು. ಸಮ, ಸಮಾನ, ಸಜಾತಿ. ಹೆಸರಿಟ್ಟವರಿಗೆ ಒಂದು ದಂಡ ನಮಸ್ಕಾರ.

ಕುಂದಾದ್ರಿ_ಕೆಳಗಿನ_ಮನೆ (12.24)

ನಮ್ಮವಳು ಕೇಳಿದ್ದು ಬೇರೆ. ಹೋದ ವರ್ಷ ಅವಳ ಅಜ್ಜನಿಗೆ ವಿಷಮಶೀತಜ್ವರ (ಟೈಫಾಯ್ಡ್) ಬಂದಿತ್ತು. ‘ವಿಷಮ ಭಿನ್ನರಾಶಿಗೂ ಹಾಗೇ ಏನೋ ಆಗಿದೆಯಾ, ಮಿಶ್ರ ಮಾಡಿದರೆ ಗುಣವಾಗುತ್ತದಾ?’ ಎಂದಳು. ಉತ್ತರದಲ್ಲಿ 7/4 ಅನ್ನು ಹಾಗೆಯೇ ಬಿಟ್ಟರೆ ಅಂಕ ಕಳೆಯುತ್ತಾರಲ್ಲ, ಅವಳ ಊಹೆ ಅಷ್ಟೇನೂ ತಪ್ಪಲ್ಲ.

ಸೊರಬ_ಸೊಸೆ (12.27)

ನನ್ನ ಅಣ್ಣನ ಮಗ ಇಂಗ್ಲಿಷ್ ಮಾಧ್ಯಮ. ಅವನಿಗೆ ಇದು ‘ಇಂಪ್ರಾಪರ್’. ಮೊಬೈಲಿನಲ್ಲಿ ಕನ್ನಡಕ್ಕೆ ತಿರುಗಿಸಿದರೆ ‘ಅನುಚಿತ ಭಿನ್ನರಾಶಿ’ ಎಂದು ಬಂತು. ಪಾಪ, ಏಳು ಕಾಲು ಯಾರಿಗೆ ಏನು ಅನುಚಿತ ಮಾಡಿತ್ತು?

ಸೀಮೆಸುಣ್ಣದ_ಮೇಷ್ಟ್ರು (12.45)

ಹೆಸರಿನ ಮಾತು ಬಂತು ಎಂದು ಒಂದು ಹಳೆಯ ವಿಷಯ. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಅದರಲ್ಲಿ ಭಿನ್ನರಾಶಿಯ ವ್ಯವಹಾರಕ್ಕೆ ಕಲಾಸವರ್ಣ ಎಂದು ಹೆಸರು. ಕಲಾ ಎಂದರೆ ಭಾಗ, ಸವರ್ಣ ಎಂದರೆ ಒಂದೇ ಬಣ್ಣದ್ದು. ಬೇರೆ ಬೇರೆ ತುಂಡುಗಳನ್ನು ಒಂದೇ ಬಣ್ಣಕ್ಕೆ ತರುವುದು ಎಂದಿಟ್ಟುಕೊಳ್ಳಿ, ನಮ್ಮ ಸಜಾತಿ ಮಾಡುವುದೇ. ಪೂರ್ಣಾಂಕದ ಜೊತೆಗೆ ಭಿನ್ನರಾಶಿ ಕೂಡಿಕೊಂಡಿದ್ದರೆ ಅದು ಭಾಗಾನುಬಂಧ. ಅಂಟಿಕೊಂಡದ್ದು, ಅಷ್ಟೇ. ಬೈಗುಳ ಇಲ್ಲ, ಜ್ವರವೂ ಇಲ್ಲ.

ತುಂಗೆಯ_ದಡ (12.51)

ಹಾಗಾದರೆ ವಿಷಮಕ್ಕೆ ಬದಲು ‘ಮೀರಿದ ಭಿನ್ನರಾಶಿ’ ಎನ್ನಬಹುದಿತ್ತು. ಒಂದನ್ನು ಮೀರಿದ್ದು.

ಲಾಸ್ಟ್_ಓವರ್ (12.53)

ಹಾಗೆಂದರೆ 4/4 ಎಲ್ಲಿಗೆ ಹೋಗಬೇಕು? ಅದು ಒಂದನ್ನು ಮೀರಿಲ್ಲ, ಒಂದೇ ಆಗಿದೆ.

ಗೋಪಾಳ_ಎಂಜಿನಿಯರ್ (12.55)

4/4 ಭಿನ್ನರಾಶಿಯೇ ಅಲ್ಲ, ಅದು 1.

ಸೀಮೆಸುಣ್ಣದ_ಮೇಷ್ಟ್ರು (12.58)

ಅದು 1 ಕೂಡ ಹೌದು, ವಿಷಮ ಭಿನ್ನರಾಶಿಯೂ ಹೌದು. ಅಂಶ ಛೇದಕ್ಕಿಂತ ಕಡಿಮೆ ಇದ್ದರೆ ಮಾತ್ರ ಸಮ. ಉಳಿದದ್ದೆಲ್ಲ ವಿಷಮ, 4/4 ಸೇರಿ.

ಗೋಪಾಳ_ಎಂಜಿನಿಯರ್ (1.02)

‘ಅಂಶವು ಛೇದಕ್ಕಿಂತ ದೊಡ್ಡದಾಗಿದ್ದರೆ ವಿಷಮ’ ಎಂದು ಓದಿದ ನೆನಪು ನನಗೆ. ದೊಡ್ಡದು ಎಂದರೆ ಸಮಾನ ಎಂದಲ್ಲ.

ಸೀಮೆಸುಣ್ಣದ_ಮೇಷ್ಟ್ರು (1.06)

ಕೆಲವು ಪುಸ್ತಕಗಳಲ್ಲಿ ಹಾಗೆಯೇ ಬರೆದಿರುತ್ತಾರೆ. ಆಗ 4/4 ಅತ್ತಲೂ ಇಲ್ಲ ಇತ್ತಲೂ ಇಲ್ಲ, ತಬ್ಬಲಿ. ಅದಕ್ಕೇ ‘ಸಮ ಅಥವಾ ದೊಡ್ಡದು’ ಎಂದು ಸೇರಿಸಬೇಕು. ಈ ಒಂದು ಪದಕ್ಕೆ ನಾನು ಶಿಕ್ಷಕರ ಕೊಠಡಿಯಲ್ಲಿ ಎಷ್ಟು ಚಹಾ ಆರಿಸಿದ್ದೇನೆಯೋ ಲೆಕ್ಕವಿಲ್ಲ.

ಅಡಿಕೆ_ಅಂಗಳ (1.30)

ಊಟ ಮಾಡಿ ಬಂದೆ. ನೀವು ಇನ್ನೂ 4/4ರಲ್ಲೇ ಇದ್ದೀರಿ. ನಾನು ಅನುಭವಿಸಿದ್ದು ಹೇಳುತ್ತೇನೆ ಕೇಳಿ.

ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ ಚುಕ್ಕೆ ಇಟ್ಟು ಬರೆಯುತ್ತಾರೆ. 1.20 ಎಂದರೆ ಒಂದು ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಒಂದೂವರೆ ಎಕರೆ. ನಮ್ಮದು ತೋಟ 1.20, ಗದ್ದೆ 1.30. ಪಾಲಿನ ಮಾತು ಬಂದಾಗ ಬೆಂಗಳೂರಿನಲ್ಲಿರುವ ತಮ್ಮ ಮೊಬೈಲ್ ತೆಗೆದು ಎರಡನ್ನೂ ಕೂಡಿಸಿದ. 2.50 ಬಂತು. ‘ಒಟ್ಟು ಎರಡೂವರೆ ಎಕರೆ ಅಣ್ಣ, ಮೂವರಿಗೆ ಹಂಚೋಣ’ ಎಂದ. ಅಪ್ಪಯ್ಯ ಕವಳ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಉಗುಳಿ ಬಂದು ‘ಮೂರು ಎಕರೆ ಹತ್ತು ಗುಂಟೆ. ಉಳಿದ ಮೂವತ್ತು ಗುಂಟೆಯನ್ನು ಯಾರಿಗೆ ಬರೆದುಕೊಟ್ಟೆ?’ ಎಂದರು.

20 ಮತ್ತು 30 ಸೇರಿದರೆ 50 ಗುಂಟೆ. 40 ತುಂಬಿದರೆ ಒಂದು ಎಕರೆ, ಉಳಿದದ್ದು 10. ಎಕರೆಗಳು ಎರಡು ಮೊದಲೇ ಇದ್ದವು. ಇಷ್ಟೇ. ಮೂವತ್ತು ಗುಂಟೆ ಚುಕ್ಕೆಯೊಳಗೆ ಬಿದ್ದುಹೋಗಿತ್ತು.

ತುಂಗೆಯ_ದಡ (1.38)

ಒಂದು ಸೂಕ್ಷ್ಮ ಇದೆ ಇಲ್ಲಿ. ಆ 2.50 ಅನ್ನು ‘ಎರಡು ಎಕರೆ 50 ಗುಂಟೆ’ ಎಂದು ಓದಿದ್ದರೆ ನಿಮ್ಮ ತಮ್ಮನ ಲೆಕ್ಕ ಸರಿಯೇ ಇತ್ತು. 50 ಗುಂಟೆ ಎಂದರೆ 50/40 ಎಕರೆ, ಶುದ್ಧ ವಿಷಮ ಭಿನ್ನರಾಶಿ. ಬರೆದಿಡುವ ಕ್ರಮವಲ್ಲ, ಆದರೆ ನೆಲ ಎಲ್ಲೂ ಕಳೆದಿಲ್ಲ. ಎರಡೂವರೆ ಎಂದು ಬಾಯಿ ಬಿಟ್ಟಾಗ ಮಾತ್ರ ಕಳೆಯಿತು.

ಗೋಪಾಳ_ಎಂಜಿನಿಯರ್ (1.44)

ಮೂವರಿಗೆ ಹಂಚುವುದಾದರೂ ಒಟ್ಟು 130 ಗುಂಟೆ ಎಂದು ಇಟ್ಟುಕೊಂಡೇ ಭಾಗಿಸಬೇಕು. ತಲಾ 43⅓ ಗುಂಟೆ, ಅಂದರೆ ಒಂದು ಎಕರೆ ಮೂರು ಗುಂಟೆ ಮತ್ತು ಗುಂಟೆಯ ಮೂರನೇ ಒಂದು ಭಾಗ. 3 ಎಕರೆ 10 ಗುಂಟೆಯನ್ನು ಹಾಗೇ ಭಾಗಿಸಲು ಹೋಗಬಾರದು.

(ಬರೆದ ಮೇಲೆ ಗಮನಿಸಿದೆ. ನಾನೇ ವಿಷಮದ ಪರ ವಾದಿಸುತ್ತಿದ್ದೇನೆ.)

ಅಡಿಕೆ_ಅಂಗಳ (1.47)

ಸರ್, ಆ ಮೂರನೇ ಒಂದು ಗುಂಟೆಗೇ ಈಗ ಹೊಡೆದಾಟ ನಡೆಯುತ್ತಿರುವುದು. ಅದರಲ್ಲಿ ಅಜ್ಜ ನೆಟ್ಟ ಹಲಸಿನ ಮರ ಇದೆ.

ಸಾಗರದ_ಉಳಿ (1.49)

ಎಷ್ಟು ಸುತ್ತಳತೆ ಇದೆ?

ಅಡಿಕೆ_ಅಂಗಳ (1.50)

ಕಡಿಯುವುದಿಲ್ಲ ಮಾರಾಯರೇ.

ಲಾಸ್ಟ್_ಓವರ್ (2.05)

ಚುಕ್ಕೆಯ ಮೋಸ ಕ್ರಿಕೆಟ್ಟಿನಲ್ಲೂ ಇದೆ. 4.5 ಓವರ್ ಎಂದರೆ ನಾಲ್ಕೂವರೆ ಓವರ್ ಅಲ್ಲ, ನಾಲ್ಕು ಓವರ್ ಐದು ಎಸೆತ. 29 ಎಸೆತ, 29/6 ಓವರ್. ನಮ್ಮ ಭದ್ರಾವತಿಯ ಹುಡುಗರ ಟೂರ್ನಿಯಲ್ಲಿ ಒಂದು ತಂಡ 4.5 ಓವರಿನಲ್ಲಿ 58 ಹೊಡೆಯಿತು. ಅಂಕ ಬರೆಯುವವನು 58 ಅನ್ನು 4.5ರಿಂದ ಭಾಗಿಸಿ ಓವರಿಗೆ 12.89 ಎಂದು ಫಲಕಕ್ಕೆ ಹಾಕಿದ. ನಿಜವಾಗಿ ಸರಿಯಾಗಿ 12. ಇನ್ನೊಂದು ತಂಡದವರ ದರ ಹನ್ನೆರಡೂವರೆ ಇತ್ತು. ಆಮೇಲೆ ನಡೆದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

29/6 ಎಂದು ಇಟ್ಟುಕೊಂಡಿದ್ದರೆ ಜಗಳವೇ ಇಲ್ಲ. 58 ಗುಣಿಸು 6, ಭಾಗಿಸು 29.

ಸೊರಬ_ಸೊಸೆ (2.11)

ಹಾಗಾದರೆ ಎಲ್ಲರೂ ಒಪ್ಪಿದಂತಾಯಿತು. ಲೆಕ್ಕ ಮಾಡುವಾಗ ವಿಷಮ, ಮಾತಾಡುವಾಗ ಮಿಶ್ರ. ನಮ್ಮ ಅತ್ತೆ ಗೆದ್ದರು.

ಗೋಪಾಳ_ಎಂಜಿನಿಯರ್ (2.20)

ಎಲ್ಲರೂ ಎಂದು ಸೇರಿಸಬೇಡಿ. ಅರ್ಥ ಮುಖ್ಯ ಎಂದು ಈಗ ಒಪ್ಪುತ್ತೇನೆ, ಆದರೆ ವಿಧಾನ ಬೇಡ ಎಂದು ಒಪ್ಪುವುದಿಲ್ಲ. 137/8 ಬಂದರೆ ರೊಟ್ಟಿ ಹರಿಯುತ್ತಾ ಕೂರುತ್ತೀರಾ? ಭಾಗಿಸಲೇಬೇಕು: 17⅛.

ಇನ್ನೊಂದು ವಿಷಯ ನಿಮ್ಮ ಪರವಾಗಿಯೇ ಹೇಳುತ್ತೇನೆ. ಮುಂದೆ ಬೀಜಗಣಿತ ಬಂದಾಗ ಪಕ್ಕಪಕ್ಕ ಬರೆದರೆ ಗುಣಾಕಾರ. 2x ಎಂದರೆ ಎರಡರಿಂದ ಗುಣಿಸಿದ x. ಆದರೆ 2¾ ಎಂದರೆ ಗುಣಾಕಾರವಲ್ಲ, ಸಂಕಲನ. ನನ್ನ ಮಗ ಎಂಟನೇ ತರಗತಿಯಲ್ಲಿ 2¾ ಅನ್ನು 6/4 ಎಂದು ಬರೆದಿದ್ದ, 11/4 ಎಂದು ಬರೆಯಬೇಕಿತ್ತು. ಎರಡು ಮೂರಲೆ ಆರು ಎಂದು ಗುಣಿಸಿಬಿಟ್ಟಿದ್ದ. ‘ಊ’ ನುಂಗಿದ ಫಲ ಇದೇ ಇರಬೇಕು, ತುಂಗೆಯ ದಡದವರು ಹೇಳಿದ್ದು. ಅವತ್ತು ನಾನು ಅವನಿಗೆ ಸರಿಯಾಗಿ ಬೈದಿದ್ದೆ. ಈಗ ಯೋಚಿಸಿದರೆ ಬೈಯಬಾರದಿತ್ತು.

ಸೀಮೆಸುಣ್ಣದ_ಮೇಷ್ಟ್ರು (2.28)

ಇವತ್ತು ಬೈಗುಳ ವಾಪಸ್ ತೆಗೆದುಕೊಳ್ಳಿ, ರಜೆ ಇದೆ.

ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ. ವೃತ್ತದ ಲೆಕ್ಕಕ್ಕೆ ಎಲ್ಲರೂ ಬಳಸುವ 22/7 ಏನು? ವಿಷಮ ಭಿನ್ನರಾಶಿ. ಅದು ಪೈಯ ನಿಖರ ಬೆಲೆಯಲ್ಲ, ಹತ್ತಿರದ್ದು. ಮಿಶ್ರ ಮಾಡಿದರೆ 3⅐. ಯಾರಾದರೂ 3⅐ ಇಟ್ಟುಕೊಂಡು 14 ಸೆಂ.ಮೀ. ವ್ಯಾಸದ ವೃತ್ತದ ಸುತ್ತಳತೆ ಕಂಡುಹಿಡಿಯುತ್ತಾರಾ? 22/7 ಇಟ್ಟು ಏಳನ್ನು ಹೊಡೆದರೆ ಎರಡು ಸಾಲಿನಲ್ಲಿ 44. ಆ ಪಾಠದಲ್ಲಿ ಅದನ್ನು ವಿಷಮ ಎಂದು ಯಾರೂ ತಿದ್ದುವುದಿಲ್ಲ.

ಅಡಿಕೆ_ಅಂಗಳ (2.40)

ಮಿಶ್ರ ಮಿಶ್ರ ಎನ್ನುತ್ತೀರಿ, ನನಗೆ ನೆನಪಾಗುವುದು ಅಡಿಕೆಗೆ ಹೊಡೆಯುವ ಔಷಧಿ ಬೋರ್ಡೋ ಮಿಶ್ರಣ. ಈ ಮಳೆ ಎರಡು ದಿನ ಬಿಟ್ಟರೆ ಎರಡನೇ ಸುತ್ತು ಹೊಡೆಸಬೇಕು, ಕೊಳೆರೋಗ ಶುರುವಾಗಿದೆ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ನಮ್ಮ ಡ್ರಮ್ಮು ಕಂಠ ಬಿಟ್ಟು 175 ಲೀಟರ್ ಹಿಡಿಯುತ್ತದೆ. ಔಷಧಿ ಹೊಡೆಯುವವನು ಕಾಲು ಕೆ.ಜಿ. ಹಿಡಿಯುವ ಡಬ್ಬಿಯಲ್ಲಿ ಏಳು ಸಲ ಎಣಿಸಿ ಹಾಕುತ್ತಾನೆ. ಈಗ ತಿಳಿಯಿತು, ಅವನು ಹಾಕುತ್ತಿದ್ದದ್ದು ಕುಂದಾದ್ರಿಯ ತಂಗಿಯ 7/4 ಎಂದು.

ಅಂದ ಹಾಗೆ ತೀರ್ಥಹಳ್ಳಿ ಕಡೆ ಕೊಳೆ ಹೇಗಿದೆ? ಮರ ಹತ್ತುವ ಕೊನೆಗಾರರು ಸಿಗುತ್ತಿದ್ದಾರೆಯೇ?

ಕುಂದಾದ್ರಿ_ಕೆಳಗಿನ_ಮನೆ (2.44)

ಕೊಳೆ ಇದೆ ಅಣ್ಣ. ಕೊನೆಗಾರರು ಇಲ್ಲ.

ವೇದಿಕೆ_ನಿರ್ವಾಹಕ (2.50)

ಕೊಳೆರೋಗಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಬರೆಯಿರಿ. ಹಲಸಿನ ಮರದ ಮಾರಾಟವೂ ಇಲ್ಲಿ ಬೇಡ.

ಕುಂದಾದ್ರಿ_ಕೆಳಗಿನ_ಮನೆ (ಸಂಜೆ 5.35)

ಎಲ್ಲರಿಗೂ ನಮಸ್ಕಾರ. ಮಧ್ಯಾಹ್ನ ಪ್ರಯೋಗ ನಡೆಯಿತು, ವರದಿ ಒಪ್ಪಿಸುತ್ತಿದ್ದೇನೆ.

ದರ್ಜಿಯ ಟೇಪು ಹುಡುಕಿದೆ, ಇಲಿ ಕಡಿದಿತ್ತು. ಕೊನೆಗೆ ಜಗಲಿಯ ಉದ್ದಕ್ಕೂ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆವು. ಪ್ರತಿ ನಾಲ್ಕು ಗೇಣಿಗೆ ದೊಡ್ಡ ಗೀಟು: 0, 1, 2, 3. ನಡುವೆ ಗೇಣಿಗೊಂದು ಸಣ್ಣ ಗೀಟು. ಅವಳು 0ಯಲ್ಲಿ ನಿಂತು ಒಂದೊಂದೇ ಸಣ್ಣ ಗೀಟು ದಾಟುತ್ತಾ ಗಟ್ಟಿಯಾಗಿ ಎಣಿಸಬೇಕು: ಒಂದು ಕಾಲು, ಎರಡು ಕಾಲು, ಮೂರು ಕಾಲು. ನಾಲ್ಕು ಕಾಲು ಎಂದಾಗ 1ರ ಮೇಲೆ ನಿಂತಿದ್ದಳು. ಅಲ್ಲಿ ಒಂದು ಸಲ ನನ್ನ ಮುಖ ನೋಡಿದಳು. ಮುಂದೆ ಹೋಗು ಎಂದೆ. ಐದು ಕಾಲು, ಆರು ಕಾಲು, ಏಳು ಕಾಲು. ನಿಂತಳು. ಮುಂದಿನ ಗೀಟು 2.

‘ಅಯ್ಯೋ, ಎರಡು ಇನ್ನೂ ಬಂದೇ ಇಲ್ಲ’ ಎಂದಳು.

ನಾನು ಬಾಯಿ ಬಿಡಲಿಲ್ಲ. ಅವಳೇ ಹಿಂದೆ ತಿರುಗಿ 1ನ್ನು ನೋಡಿ, ಮೂರು ಸಣ್ಣ ಗೀಟು ಎಣಿಸಿ, ‘ಒಂದೂಮುಕ್ಕಾಲಿನಲ್ಲಿ ಇದ್ದೇನೆ’ ಎಂದಳು. ಪುಸ್ತಕ ತಂದು 7/8 ಹೊಡೆದುಹಾಕಿದಳು. ಮೇಷ್ಟ್ರು ಹೇಳಿದ ಹಾಗೆ ಯಾವುದನ್ನು ಒಂದು ಎಂದುಕೊಂಡೆ ಎಂದು ಕೇಳಿದೆ. ‘ಎರಡೂ ರೊಟ್ಟಿ ನನಗೇ ಅಲ್ವಾ, ಅದಕ್ಕೆ ಎರಡನ್ನೂ ಸೇರಿಸಿ ಒಂದು ಎಂದುಕೊಂಡೆ’ ಎಂದಳು.

ಅತ್ತೆ ಒಳಗಿನಿಂದ ಬಂದು ಏನಿದು ಜಗಲಿ ತುಂಬಾ ಗೀಟು ಎಂದು ಕೇಳಿದರು. ‘ಅಜ್ಜಿ, ಏಳು ಕಾಲು ನಡೆದೆ, ಏಳೂಕಾಲು ಅಲ್ಲ’ ಎಂದಳು. ಅವರಿಗೆ ಏನು ತಿಳಿಯಿತೋ, ಮಳೆಯಲ್ಲಿ ಹೊರಗೆ ಹೋಗಿದ್ದಾಳೆ ಎಂದುಕೊಂಡು ಕಾಲು ತೊಳೆದು ಒಳಗೆ ಬಾ ಎಂದರು.

ತುಂಗೆಯ_ದಡ (5.41)

ಈ ಕೊನೆಯ ಸಾಲಿಗಾಗಿಯೇ ಇವತ್ತಿನ ದಿನ ಸಾರ್ಥಕ.

ಗೋಪಾಳ_ಎಂಜಿನಿಯರ್ (5.48)

ಗೆರೆಯ ವಿಧಾನ ಚೆನ್ನಾಗಿದೆ. ಒಂದು ಸಲಹೆ: ಅದೇ ಗೆರೆಯ ಮೇಲೆ ನಾಳೆ 5/2 ನಡೆಸಿ. ಎರಡು ಸಣ್ಣ ಗೀಟಿಗೆ ಒಂದು ಅರ್ಧ. ಐದು ಅರ್ಧ ನಡೆದರೆ ಎರಡೂವರೆಗೆ ಬರುತ್ತಾಳೆ. ಅದೇ ಜಾಗಕ್ಕೆ ಕಾಲಿನಲ್ಲಿ ಬಂದರೆ ಹತ್ತು ಕಾಲು. 5/2 ಮತ್ತು 10/4 ಒಂದೇ ಎಂದು ಬಾಯಲ್ಲಿ ಹೇಳಬೇಕಾಗಿಲ್ಲ.

ಸೊರಬ_ಸೊಸೆ (5.50)

ವಿಧಾನದವರು ಎಷ್ಟು ಬದಲಾದರು ನೋಡಿ.

ಸಾಗರದ_ಉಳಿ (6.10)

ಮಗುವಿಗೆ ನನ್ನ ಕಡೆಯಿಂದ ಒಂದು ಲೆಕ್ಕ. ಹಲಗೆ ಹದಿನೇಳು ನೂಲು ದಪ್ಪ ಇತ್ತು. ಕೀಸಿ ಒಂದು ನೂಲು ತೆಗೆದೆ. ಉಳಿದದ್ದು ಎಷ್ಟು ಇಂಚು? ಎಂಟು ನೂಲಿಗೆ ಒಂದು ಇಂಚು ಎಂದು ಹೇಳಿಬಿಡಿ.

ಕುಂದಾದ್ರಿ_ಕೆಳಗಿನ_ಮನೆ (6.22)

ಬೆರಳು ಎಣಿಸಿ ಹೇಳಿದಳು: 16/8, ಎರಡು ಇಂಚು. ಆಮೇಲೆ ಕೇಳುತ್ತಿದ್ದಾಳೆ: ‘ಮುಕ್ಕಾಲು ಪಕ್ಕಾಲು ಏನೂ ಉಳಿಯದೆ ಪೂರ್ತಿ ಎರಡೇ ಬಂತಲ್ಲ, ಹಾಗಾದರೆ 16/8 ವಿಷಮವೋ ಅಲ್ಲವೋ?’

ಗೋಪಾಳ_ಎಂಜಿನಿಯರ್ (6.23)

ಅಲ್ಲ. ಅದು 2.

ಸೀಮೆಸುಣ್ಣದ_ಮೇಷ್ಟ್ರು (6.23)

ಹೌದು. ವಿಷಮವೇ.

ಅಡಿಕೆ_ಅಂಗಳ (6.25)

ಇಲ್ಲಿ ಕರೆಂಟು ಹೋಯಿತು. ಮೊಬೈಲಿನಲ್ಲಿ ನಾಲ್ಕು ಶೇಕಡಾ ಚಾರ್ಜು ಉಳಿದಿದೆ. ನೀವು ಮುಂದುವರಿಸಿ, ಬೆಳಿಗ್ಗೆ ಬಂದು ಓದುತ್ತೇನೆ.